ತಲೆಯೆಣಿಕೆಗೆ ಸಿಗದ ಶಾಲೆ

ಮೂವತ್ತೊಂದು ಮಕ್ಕಳಿರುವ ಸರ್ಕಾರಿ ಶಾಲೆಯಿಂದ ಒಂದು ಮಗು ಟಿ.ಸಿ. ತೆಗೆದುಕೊಂಡು ಹೋಯಿತು ಎಂದುಕೊಳ್ಳಿ. ಅಪ್ಪನಿಗೆ ಬೇರೆ ಊರಿನ ತೋಟದಲ್ಲಿ ಕೆಲಸ ಸಿಕ್ಕಿರಬಹುದು, ಅಥವಾ ಅಜ್ಜಿಯ ಮನೆಯಲ್ಲಿಟ್ಟು ಓದಿಸೋಣವೆಂದು ಮನೆಯವರು ತೀರ್ಮಾನಿಸಿರಬಹುದು. ಆ ಒಂದು ಮಗು ಹೋದದ್ದಕ್ಕೆ ಶಾಲೆಯ ವಾರ್ಷಿಕ ಅನುದಾನ 25,000 ರೂಪಾಯಿಯಿಂದ 10,000ಕ್ಕೆ ಇಳಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಮಾನದಂಡ ಹಾಗಿದೆ: 30 ಮಕ್ಕಳವರೆಗೆ 10,000, ಅಲ್ಲಿಂದ 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದನ್ನೂ ಮೀರಿದರೆ ಒಂದು ಲಕ್ಷ. ಬಿಸಿಯೂಟದ ಮನೆಯಲ್ಲೂ ಇದೇ ರೀತಿ. 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, 26 ಆದರೆ ಇಬ್ಬರು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದರೆ, ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು; ಮೂರನೆಯವರು ಬರುವುದು 61ನೆಯ ಮಗು ಬಂದ ಮೇಲೆ.

ಒಂದು ಮಗು ಕಡಿಮೆಯಾಯಿತೆಂದು ಹೆಂಚು ಸೋರುವುದು ನಿಲ್ಲುವುದಿಲ್ಲ. ಆರನೇ ತರಗತಿಗೆ ವಿಜ್ಞಾನ ಬೇಡವಾಗುವುದಿಲ್ಲ. ತುಂಬಬೇಕಾದ ರಿಜಿಸ್ಟರುಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಶಾಲೆಯ ಕೆಲಸ ನಡೆಯುವುದು ತರಗತಿಯ ಲೆಕ್ಕದಲ್ಲಿ, ವಿಷಯದ ಲೆಕ್ಕದಲ್ಲಿ, ಕಟ್ಟಡದ ಲೆಕ್ಕದಲ್ಲಿ. ಅದಕ್ಕೆ ಹಣವೂ ಶಿಕ್ಷಕರೂ ಬರುವುದು ಮಾತ್ರ ತಲೆಯ ಲೆಕ್ಕದಲ್ಲಿ. ದೊಡ್ಡ ಶಾಲೆಯಲ್ಲಿ ಈ ಎರಡು ಲೆಕ್ಕಗಳು ಹೆಚ್ಚುಕಡಿಮೆ ತಾಳೆಯಾಗುತ್ತವೆ, ಸಣ್ಣ ಶಾಲೆಯಲ್ಲಿ ಎಂದೂ ಆಗುವುದಿಲ್ಲ. ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಸೊರಗುತ್ತಿರುವುದಕ್ಕೆ ಮಕ್ಕಳಿಲ್ಲದಿರುವುದೇ ಕಾರಣ ಎನ್ನುವವರು ಈ ತಾಳೆಯಾಗದ ಲೆಕ್ಕವನ್ನು ಮೊದಲು ನೋಡಬೇಕು. ಮಕ್ಕಳು ಕಡಿಮೆಯಾದರೆಂದು ಶಿಕ್ಷಕರು ಹೋದದ್ದು ಎಷ್ಟು ನಿಜವೋ, ಶಿಕ್ಷಕರು ಇಲ್ಲವಾದರೆಂದು ಮಕ್ಕಳು ಹೋದದ್ದೂ ಅಷ್ಟೇ ನಿಜ. ಎರಡನೆಯದನ್ನು ಸರಿಪಡಿಸುವುದು ನಮ್ಮ ಕೈಯಲ್ಲಿದೆ, ಹಾಗಾಗಿ ನಾನು ಅದರ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

ಹಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದರಿಂದ ಏಳರವರೆಗೆ, ಕೆಲವು ಕಡೆ ಎಂಟರವರೆಗೆ. ಹಳೆಯ ಮೈಸೂರಿನ ಹಿರಿಯರು ಇದನ್ನು ಈಗಲೂ ಮಿಡ್ಲ್ ಸ್ಕೂಲ್ ಎನ್ನುತ್ತಾರೆ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾದದ್ದು ಆ ಕಾಲದಲ್ಲಿ ಒಂದು ಅರ್ಹತೆ, ನೌಕರಿಗೆ ದಾರಿ. ಇಂಥ ಎಷ್ಟೋ ಶಾಲೆಗಳ ಜಾಗ ಊರಿನವರೇ ದಾನ ಕೊಟ್ಟದ್ದು. ಮರ ಕೊಟ್ಟವರು ಒಬ್ಬರು, ಕಲ್ಲು ಹೊತ್ತವರು ಹಲವರು. ಶತಮಾನೋತ್ಸವ ಕಂಡ ಶಾಲೆಗಳ ಗೋಡೆಯ ಮೇಲೆ ದಾನಿಗಳ ಪಟ್ಟಿ ಈಗಲೂ ಇದೆ. 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ಚಿತ್ರ ‘ಸರ್ಕಾರಿ ಹಿ. ಪ್ರಾ. ಶಾಲೆ’ ಎಂಬ ಫಲಕದ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡು ಗೆದ್ದದ್ದು ಆಕಸ್ಮಿಕವಲ್ಲ. ಗಡಿನಾಡಿನ ಕನ್ನಡ ಶಾಲೆಯ ಆ ಕಥೆಯಲ್ಲೂ ಕನ್ನಡ ಬಾರದ ಶಿಕ್ಷಕರ ನೇಮಕ ಮತ್ತು ಮುಚ್ಚುವ ಆದೇಶ ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ನೋಡಿದವರಿಗೆ ಅದು ತಮ್ಮ ಊರಿನ ಕಥೆಯೇ ಅನಿಸಿತು.

ಈಗ ತರಗತಿಯ ಒಳಗೆ ಹೋಗೋಣ. ಒಂದರಿಂದ ಐದರವರೆಗೆ 44 ಮಕ್ಕಳು, ಇಬ್ಬರು ಶಿಕ್ಷಕರು. ಕಾಯ್ದೆಯ ಪ್ರಕಾರ ಇದು ಸರಿಯಾದ ಶಾಲೆ. ಒಬ್ಬ ಶಿಕ್ಷಕರಿಗೆ 22 ಮಕ್ಕಳು ಎಂದು ಕಾಗದದ ಮೇಲೆ ಬರುತ್ತದೆ, ಪೇಟೆಯ ಎಷ್ಟೋ ದುಬಾರಿ ಶಾಲೆಗಳಲ್ಲೂ ಸಿಗದ ಅನುಪಾತ. ಆದರೆ ತರಗತಿಗಳು ಐದು. ಇಬ್ಬರು ಎರಡು ಕೋಣೆಯಲ್ಲಿದ್ದರೆ ಮೂರು ಕೋಣೆಗಳಲ್ಲಿ ಯಾರೂ ಇಲ್ಲ. ಕಾಯ್ದೆ ಪ್ರತಿ ತರಗತಿಗೂ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾಗಬೇಕು ಎನ್ನುತ್ತದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಐದು ತರಗತಿಗೆ ದಿನಕ್ಕೆ 20 ಗಂಟೆ ಬೇಕು. ಇಬ್ಬರು ಬಿಡುವಿಲ್ಲದೆ ನಾಲ್ಕು ನಾಲ್ಕು ಗಂಟೆ ಪಾಠ ಮಾಡಿದರೂ ಆಗುವುದು ಎಂಟು. ಒಂದೇ ಕಾಯ್ದೆಯ ಒಂದೇ ಅನುಸೂಚಿಯಲ್ಲಿರುವ ಈ ಎರಡು ಸಾಲುಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಕೂಡಿಬರುವಂತೆ ಮಾಡುವ ಹೊಣೆಯನ್ನು ಆ ಇಬ್ಬರು ಶಿಕ್ಷಕರ ಹೆಗಲಿಗೆ ಬಿಟ್ಟಿದ್ದೇವೆ.

ಇದಕ್ಕೊಂದು ಉತ್ತರವನ್ನು ಕರ್ನಾಟಕವೇ ಕಂಡುಕೊಂಡಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ನಲಿ–ಕಲಿ ಕಟ್ಟಿದರು. ಕಾಡಂಚಿನ ಸಣ್ಣ ಶಾಲೆಗಳೇ ಅದರ ತವರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕಾರ್ಡು ಹಿಡಿದು, ಕಲಿಕಾ ಏಣಿಯ ಮೆಟ್ಟಿಲು ನೋಡಿಕೊಂಡು ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಮಗು ವಾರ ರಜೆ ಹಾಕಿ ಬಂದರೂ ಬಿಟ್ಟಲ್ಲಿಂದ ಹಿಡಿಯಬಹುದು. ಬಹುವರ್ಗ ಬೋಧನೆಯನ್ನು ಬಡತನದ ಗುರುತಾಗಿ ನೋಡದೆ, ಅದನ್ನೇ ಒಂದು ವಿಧಾನವಾಗಿ ರೂಪಿಸಿದ ಕೆಲಸ ಅದು. ಮುಂದೆ ರಾಜ್ಯದಾದ್ಯಂತ ಹರಡಿತು. ಹರಡುತ್ತ ಹರಡುತ್ತ ಎಷ್ಟೋ ಕಡೆ ಕಾರ್ಡು ಹರಿದು, ತರಬೇತಿ ತೆಳುವಾಗಿ, ಹೆಸರು ಮಾತ್ರ ಉಳಿಯಿತು ಎಂಬ ದೂರು ಶಿಕ್ಷಕರದ್ದೇ. ನನ್ನ ದೊಡ್ಡ ತಕರಾರು ಬೇರೆ: ಅದು ಮೂರನೇ ತರಗತಿಗೆ ನಿಂತುಹೋಯಿತು. ನಾಲ್ಕು–ಐದು ಒಟ್ಟಿಗೆ ಕುಳಿತಾಗ ಏನು ಮಾಡಬೇಕು, ಆರು–ಏಳು ಒಟ್ಟಿಗೆ ಕುಳಿತಾಗ ಭಿನ್ನರಾಶಿಯನ್ನೂ ಬೀಜಗಣಿತವನ್ನೂ ಹೇಗೆ ಕಲಿಸಬೇಕು ಎಂಬುದಕ್ಕೆ ಪುಸ್ತಕವಿಲ್ಲ, ಕಾರ್ಡಿಲ್ಲ, ತರಬೇತಿಯಿಲ್ಲ. ಒಂದು ತರಗತಿಗೆ ಒಬ್ಬ ಶಿಕ್ಷಕರು ಇದ್ದಾರೆಂದೇ ಭಾವಿಸಿ ಬರೆದ ಪಠ್ಯಪುಸ್ತಕ ಹಿಡಿದು ಅವರು ಒಂದು ಸಾಲಿಗೆ ಲೆಕ್ಕ ಕೊಟ್ಟು ಇನ್ನೊಂದು ಸಾಲಿಗೆ ಪಾಠ ಓದಿಸುತ್ತಾರೆ.

ಮೇಲಿನ ತರಗತಿಗಳಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಅಲ್ಲಿ ವಿಷಯ ತಿಳಿದವರು ಬೇಕು. ಕಾಯ್ದೆ ಇದನ್ನು ಒಪ್ಪಿಕೊಂಡಿದೆ: ಆರರಿಂದ ಎಂಟರವರೆಗೆ ತರಗತಿಗೆ ಕನಿಷ್ಠ ಒಬ್ಬರಂತೆ, ವಿಜ್ಞಾನ–ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗಳಿಗೊಬ್ಬರು ಇರಬೇಕು. ಇಲ್ಲಿ ಮಾತ್ರ ಕಾನೂನು ತಲೆ ಎಣಿಸುವುದನ್ನು ಬಿಟ್ಟು ತರಗತಿಯನ್ನು, ವಿಷಯವನ್ನು ಎಣಿಸಿದೆ. ಸಣ್ಣ ಶಾಲೆಯ ಪರವಾಗಿ ವಾದಿಸುವವರು ಗಟ್ಟಿಯಾಗಿ ಹಿಡಿಯಬೇಕಾದ ಸಾಲು ಇದು. ಆದರೆ ಇದೇ ಕಾಯ್ದೆ ಪೂರ್ಣಾವಧಿ ಮುಖ್ಯ ಶಿಕ್ಷಕರನ್ನೂ, ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರನ್ನೂ ಕೊಡುವುದು ಮಕ್ಕಳು 100 ದಾಟಿದ ಶಾಲೆಗೆ ಮಾತ್ರ. ಆರು ಮತ್ತು ಏಳರಲ್ಲಿ ಒಟ್ಟು 18 ಮಕ್ಕಳಿರುವ ಊರಿನ ಹುಡುಗಿಗೆ ಆಟದ ಮೇಷ್ಟ್ರು ಸಿಗುವುದಿಲ್ಲ. ಅವಳು ಚೆನ್ನಾಗಿ ಓಡುತ್ತಾಳೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕಾನೂನಿನಲ್ಲಿರುವ ಹುದ್ದೆಯೂ ಶಾಲೆಗೆ ಬಂದು ತಲುಪುವುದು ಕಷ್ಟವೇ. ರಾಜ್ಯ ಸರ್ಕಾರ ಆರರಿಂದ ಎಂಟನೇ ತರಗತಿಗೆಂದು ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ 2022ರಲ್ಲಿ ಪರೀಕ್ಷೆ ನಡೆಸಿತು. ಆಯ್ಕೆಪಟ್ಟಿ ನ್ಯಾಯಾಲಯ ಸುತ್ತಿ ಬರುವಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷ ದಾಟಿತ್ತು. 2017ರ ವೃಂದ ಮತ್ತು ನೇಮಕಾತಿ ನಿಯಮಗಳು, ಒಂದರಿಂದ ಏಳಕ್ಕೆಂದೇ ನೇಮಕವಾಗಿ ದಶಕಗಳ ಕಾಲ ಪಾಠ ಮಾಡಿದ್ದವರನ್ನು ಒಂದರಿಂದ ಐದರ ಶಿಕ್ಷಕರೆಂದು ಕರೆದವು. ಪದವಿ ಇದ್ದರೂ ಕೆಳಗಿಳಿಸಿದರು ಎಂಬ ಅವರ ನೋವಿಗೆ ಅರ್ಥವಿದೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ವರೆಗೆ ಪ್ರತಿಭಟನೆಯಾಗಿ ಬಂದದ್ದು ಆ ನೋವೇ. ಈ ಜಗಳ ದೊಡ್ಡ ಶಾಲೆಯಲ್ಲಿ ವೇಳಾಪಟ್ಟಿಯೊಳಗೆ ಹೇಗೋ ಕರಗುತ್ತದೆ. ನಾಲ್ಕು ಜನರ ಶಾಲೆಯಲ್ಲಿ ಏಳನೇ ತರಗತಿಯ ಗಣಿತ ಯಾರದ್ದು ಎಂಬ ಪ್ರಶ್ನೆಯಾಗಿ ನಿಲ್ಲುತ್ತದೆ.

ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು. ಊರಿನದೇ ಹುಡುಗಿ, ಬಿ.ಇಡಿ. ಮುಗಿಸಿದವಳು, ತಿಂಗಳಿಗೆ 10,000–12,000 ರೂಪಾಯಿ ಗೌರವಧನಕ್ಕೆ ಬರುತ್ತಾಳೆ. ಆ ಹಣವೂ ಎರಡು ಮೂರು ತಿಂಗಳಿಗೊಮ್ಮೆ ಕೈಸೇರುವುದುಂಟು. ಬೇಸಿಗೆ ರಜೆಗೆ ಸಂಬಳವಿಲ್ಲ, ಮುಂದಿನ ವರ್ಷಕ್ಕೆ ಭರವಸೆಯಿಲ್ಲ. ನಾನು ಕಂಡ ಅತ್ಯುತ್ತಮ ತರಗತಿಗಳಲ್ಲಿ ಕೆಲವು ಇಂಥವರದ್ದೇ. ಆದರೆ ಅವರ ಒಳ್ಳೆಯತನದ ಮೇಲೆ ವ್ಯವಸ್ಥೆಯೊಂದು ನಿಲ್ಲಬಾರದು. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಪ್ರಕರಣ ಯಾವುದೇ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುತ್ತದೆ. ನಾಲ್ಕು ಹುದ್ದೆಗಳ ಶಾಲೆಯಲ್ಲಿ ಒಂದು ಖಾಲಿಯಾದರೂ ಅದು ಶೇ 25. ಅಂದರೆ ಸಣ್ಣ ಶಾಲೆಯಲ್ಲಿ ಒಂದೇ ಒಂದು ಹುದ್ದೆ ಖಾಲಿ ಬಿಡುವುದೂ ಕಾನೂನಿನ ಉಲ್ಲಂಘನೆ. ರಾಜ್ಯದಲ್ಲಿ ಒಟ್ಟು ಎಷ್ಟು ಹುದ್ದೆ ಖಾಲಿ ಇವೆ ಎಂಬ ಚರ್ಚೆ ಪ್ರತಿ ಅಧಿವೇಶನದಲ್ಲೂ ನಡೆಯುತ್ತದೆ. ಶಾಲೆವಾರು ಶೇಕಡಾವಾರು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕಾಯ್ದೆ ಕೇಳಿರುವುದು ಅದನ್ನೇ.

ಇರುವವರೂ ತರಗತಿಯಲ್ಲಿರಲು ಬಿಡಬೇಕಲ್ಲ. ಪ್ರಾಥಮಿಕ ಶಾಲೆಗೆ ಗುಮಾಸ್ತರಿಲ್ಲ. ಹಾಲಿನ ಪುಡಿ ಎಷ್ಟು ಕರಗಿತು, ಮೊಟ್ಟೆ ಎಷ್ಟು ಬೆಂದಿತು, ಬಾಳೆಹಣ್ಣು ಎಷ್ಟು ಮಕ್ಕಳು ತಿಂದರು, ಶೂ–ಸಾಕ್ಸ್ ಅಳತೆ, ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆ, ಸ್ಯಾಟ್ಸ್, ಯುಡೈಸ್ ಎಂಬ ಆನ್‌ಲೈನ್ ದಾಖಲೆಗಳು – ಎಲ್ಲ ಮುಖ್ಯ ಶಿಕ್ಷಕರ ಮೊಬೈಲಿನಲ್ಲಿ. ಅವರು ಬಹಳ ಕಡೆ ‘ಪ್ರಭಾರ’. ಅಂದರೆ ತಮ್ಮ ಪಾಠವನ್ನೂ ಮಾಡಿಕೊಂಡು ಆ ಕುರ್ಚಿಯ ಕೆಲಸವನ್ನೂ ಮಾಡುವವರು. ಬಿಇಒ ಕಚೇರಿಯಲ್ಲಿ ಸಭೆ ಇದ್ದ ದಿನ ಇಬ್ಬರ ಶಾಲೆ ಒಬ್ಬರ ಶಾಲೆಯಾಗುತ್ತದೆ. ಇನ್ನೊಬ್ಬರಿಗೆ ಮತಗಟ್ಟೆ ಅಧಿಕಾರಿಯ ಕೆಲಸ ಬಂದರೆ ಬೀಗ ಹಾಕುವುದೊಂದೇ ಬಾಕಿ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಸಮೀಕ್ಷೆ ಬೇಕಿತ್ತೋ ಬೇಡವೋ ಎಂಬುದು ಬೇರೆ ಮಾತು. ಎಣಿಸುವ ಕೆಲಸ ಏನೇ ಬಂದರೂ ಸರ್ಕಾರದ ಕೈಗೆ ಮೊದಲು ಸಿಗುವವರು ಇವರೇ ಎಂಬುದು ಬದಲಾಗಬೇಕು.

ಇದನ್ನೆಲ್ಲ ತಂದೆತಾಯಿ ನೋಡುತ್ತಿರುತ್ತಾರೆ. ಇಂಗ್ಲಿಷ್ ವ್ಯಾಮೋಹಕ್ಕೆ ಬಲಿಯಾಗಿ ಜನ ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಿದ್ದಾರೆ ಎಂದು ಕನ್ನಡದ ವೇದಿಕೆಗಳಲ್ಲಿ ನಾವು ಬಹಳ ಸಲ ಹೇಳಿದ್ದೇವೆ. ಅದರಲ್ಲಿ ಸತ್ಯವಿದೆ, ಆದರೆ ಆ ಮಾತಿನಲ್ಲಿ ಹಳ್ಳಿಯ ಅಮ್ಮಂದಿರ ಬಗ್ಗೆ ಸಣ್ಣದೊಂದು ತಿರಸ್ಕಾರವೂ ಇದೆ. ಕೂಲಿಗೆ ಹೋಗಿ ಸಂಘದಲ್ಲಿ ಸಾಲ ಎತ್ತಿ ಫೀಸು ಕಟ್ಟುವ ಹೆಣ್ಣುಮಗಳು ಪದ್ಯ ಇಂಗ್ಲಿಷಿನಲ್ಲಿದೆಯೇ ಎಂದಷ್ಟೇ ನೋಡುವುದಿಲ್ಲ. ಆ ಖಾಸಗಿ ಶಾಲೆಯಲ್ಲಿ ಪ್ರತಿ ಕೋಣೆಯಲ್ಲೂ ಒಬ್ಬ ಟೀಚರ್ ನಿಂತಿರುತ್ತಾಳೆ. ಆಕೆಯ ಓದು ನಮ್ಮ ಸರ್ಕಾರಿ ಶಿಕ್ಷಕರಿಗಿಂತ ಕಡಿಮೆ, ಸಂಬಳ ಅತಿಥಿ ಶಿಕ್ಷಕರಿಗಿಂತಲೂ ಕಡಿಮೆ ಇರಬಹುದು. ಆದರೂ ಬೆಳಿಗ್ಗೆಯಿಂದ ಸಂಜೆಯವರೆಗೆ ತನ್ನ ಮಗುವಿನ ತರಗತಿಯಲ್ಲಿ ಒಬ್ಬ ದೊಡ್ಡವರಿರುತ್ತಾರೆ. ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಆ ಇರುವಿಕೆಯನ್ನು. ಇದನ್ನು ಒಪ್ಪಿಕೊಂಡರೆ 2019ರಿಂದ ಸರ್ಕಾರಿ ಶಾಲೆಗಳಲ್ಲಿ ತೆರೆದ ಆಂಗ್ಲ ಮಾಧ್ಯಮ ವಿಭಾಗಗಳು ಏಕೆ ಪೂರ್ತಿ ಉತ್ತರವಾಗುವುದಿಲ್ಲ ಎಂಬುದೂ ತಿಳಿಯುತ್ತದೆ. ಶಿಕ್ಷಕರ ಸಂಖ್ಯೆ ಅಷ್ಟೇ ಇಟ್ಟು ಮಾಧ್ಯಮ ಎರಡು ಮಾಡಿದರೆ, ಇದ್ದ ಇಬ್ಬರು ಇನ್ನಷ್ಟು ಹಂಚಿಹೋಗುತ್ತಾರೆ.

ಮೂರು ಮಕ್ಕಳು ವ್ಯಾನು ಹತ್ತಿದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಒಬ್ಬ ಶಿಕ್ಷಕರು ‘ಹೆಚ್ಚುವರಿ’. ಆ ಹೆಚ್ಚುವರಿಯವರು ಕೌನ್ಸೆಲಿಂಗ್‌ನಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಬಹಳ ಸಲ ಹೋಗುವವರು ಊರಿಗೆ ಇಷ್ಟವಾದವರೇ. ಅವರು ಹೋದರೆಂದು ಇನ್ನೈದು ಮಕ್ಕಳು ಹೋಗುತ್ತಾರೆ. ಶಾಲೆ ಏಕೋಪಾಧ್ಯಾಯ ಶಾಲೆಯಾದ ಮೇಲೆ ದಾಖಲಾತಿ ಆಂದೋಲನದ ಜಾಥಾದಲ್ಲಿ ಎಷ್ಟು ಘೋಷಣೆ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಇಲಾಖೆಯ ಕಡತದಲ್ಲಿ ಮಾತ್ರ ‘ಮಕ್ಕಳ ಕೊರತೆ’ ಎಂದು ದಾಖಲಾಗುತ್ತದೆ.

ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ ಎಂಬುದನ್ನು ನಾನು ಮರೆತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7. ಮನೆಗೆ ನಾಲ್ಕು ಮಕ್ಕಳಿದ್ದ ಕಾಲದಲ್ಲಿ ಕಟ್ಟಿದ ಕೋಣೆಗಳು ಮನೆಗೆ ಒಂದೂವರೆ ಮಗುವಿನ ಕಾಲದಲ್ಲಿ ತುಂಬುವುದಿಲ್ಲ. ಯುವಕರು ಬೆಂಗಳೂರು, ಮಂಗಳೂರು ಸೇರಿದ ಮಲೆನಾಡಿನ ಊರುಗಳಲ್ಲಿ ವ್ಯಾನೂ ಬರುವುದಿಲ್ಲ, ಮಕ್ಕಳೂ ಇಲ್ಲ. ಹಾಗಾಗಿ ಸಣ್ಣ ಶಾಲೆ ಇನ್ನು ಮುಂದೆ ಅಪವಾದವಲ್ಲ, ಅದೇ ರೂಢಿ. ಅಸರ್ 2024ರ ಶಿಕ್ಷಣ ಸ್ಥಿತಿ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳಲ್ಲಿ ಮಕ್ಕಳು 60ಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೆ ಒಗ್ಗದ ನಿಯಮವನ್ನು ನಿಯಮವೆನ್ನುವುದು ಹೇಗೆ?

ಸಣ್ಣ ಶಾಲೆಗಳ ವಿಲೀನದ ಪರವಾದ ವಾದವನ್ನು ಅದರ ಪೂರ್ತಿ ಬಲದಲ್ಲಿ ಹೇಳಿಯೇ ಮುಂದೆ ಹೋಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2016–17ರ ಅಂಕಿಗಳನ್ನು ಕೊಟ್ಟು ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿವೆ, ಸರ್ಕಾರಿ ಪ್ರಾಥಮಿಕ ಶಾಲೆಗಳ ಪೈಕಿ ಸುಮಾರು ಶೇ 28ರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದಾರೆ ಎನ್ನುತ್ತದೆ. ಏಳನೇ ತರಗತಿಯಲ್ಲಿ ಇಬ್ಬರೇ ಮಕ್ಕಳಿದ್ದರೆ ಕಬಡ್ಡಿ ತಂಡವಿಲ್ಲ, ಚರ್ಚೆಯಿಲ್ಲ, ಸ್ಪರ್ಧೆಯಿಲ್ಲ, ಗೆಳತಿಯೊಬ್ಬಳು ಜ್ವರದಿಂದ ಮಲಗಿದರೆ ಇನ್ನೊಬ್ಬಳು ಒಂಟಿ. ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನ, ವಿಷಯ ಶಿಕ್ಷಕರು ಎಲ್ಲ ಒಂದೆಡೆ ಸಿಗುವ ಕರ್ನಾಟಕ ಪಬ್ಲಿಕ್ ಶಾಲೆಗೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಆ ಮಕ್ಕಳ ಹಿತಕ್ಕೇ ಅಲ್ಲವೇ? ಹನ್ನೆರಡು ವರ್ಷದ ಮಗುವಿಗೆ ಸಮವಯಸ್ಕರ ಗುಂಪು ಬೇಕು ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಆರು, ಏಳು, ಎಂಟನೇ ತರಗತಿಗಳನ್ನು ಸುತ್ತಲಿನ ನಾಲ್ಕಾರು ಊರಿಗೆ ಸೇರಿ ಒಂದು ಕಡೆ ನಡೆಸುವುದನ್ನು ನಾನು ವಿರೋಧಿಸುವುದಿಲ್ಲ, ಆ ‘ಒಂದು ಕಡೆ’ ನಿಜವಾಗಿ ತಲುಪಬಹುದಾದ ದೂರದಲ್ಲಿದ್ದರೆ.

ತೊಡಕಿರುವುದು ಅಲ್ಲಿಯೇ. ನೆರೆಹೊರೆಯ ಶಾಲೆ ಕಿರಿಯ ತರಗತಿಗೆ ಒಂದು ಕಿಲೋಮೀಟರ್, ಹಿರಿಯ ತರಗತಿಗೆ ಮೂರು ಕಿಲೋಮೀಟರ್ ಒಳಗಿರಬೇಕು ಎಂಬುದು ನಿಯಮ. ನಕ್ಷೆಯಲ್ಲಿ ಗೆರೆ ಎಳೆದರೆ ಮೂರು ಕಿಲೋಮೀಟರಿನ ಒಳಗೆ ಬೀಳುವ ಶಾಲೆಗೂ ಮನೆಗೂ ನಡುವೆ ಹೊಳೆಯಿರಬಹುದು. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಕೊಡಗು, ಸಕಲೇಶಪುರ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೆಳಗಿನ ದಾರಿ ಆನೆಯದ್ದು. ಕಲ್ಯಾಣ ಕರ್ನಾಟಕದ ತಾಂಡಾಗಳಲ್ಲಿ, ತಂದೆತಾಯಿ ಗುಳೆ ಹೋದ ಮನೆಗಳಲ್ಲಿ, ಹತ್ತು ವರ್ಷದ ಅಕ್ಕ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಬರುತ್ತಾಳೆ; ಬಸ್ ಹತ್ತಬೇಕೆಂದರೆ ಅವಳು ಬರುವುದಿಲ್ಲ. ವಿಲೀನದ ಮಾತು ಬಂದಾಗಲೆಲ್ಲ ಮೊದಲು ಶಾಲೆ ಬಿಡುವವಳು ಹುಡುಗಿ ಎಂಬುದನ್ನು ತಿಳಿಯಲು ಸಂಶೋಧನೆ ಬೇಕಿಲ್ಲ, ಏಳನೇ ತರಗತಿ ಮುಗಿದ ಮೇಲೆ ಎಂಟಕ್ಕೆ ಬೇರೆ ಊರಿಗೆ ಹೋಗಬೇಕಾದಾಗ ಹಳ್ಳಿಗಳಲ್ಲಿ ಏನಾಗುತ್ತದೆಂದು ನೋಡಿದರೆ ಸಾಕು. ರಾಜಸ್ಥಾನ 2014ರಲ್ಲಿ ಸಾವಿರಾರು ಶಾಲೆಗಳನ್ನು ವಿಲೀನಗೊಳಿಸಿತು. ಉತ್ತರ ಪ್ರದೇಶ 2025ರಲ್ಲಿ ಸಣ್ಣ ಶಾಲೆಗಳನ್ನು ಜೋಡಿಸಲು ಹೊರಟಾಗ ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಒಂದು ಕಿಲೋಮೀಟರಿಗಿಂತ ದೂರದ ಶಾಲೆಗಳನ್ನು ಜೋಡಿಸುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ನಮ್ಮಲ್ಲೂ ಅದೇ ವರ್ಷ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುವ ಯೋಜನೆಯ ಜೊತೆಗೇ ಸುತ್ತಲಿನ ಶಾಲೆಗಳ ಭವಿಷ್ಯವೇನು ಎಂಬ ಆತಂಕ ಎದ್ದಿತು. ಬಸ್ಸು ಮೊದಲು ಬರಲಿ, ಬೀಗ ಆಮೇಲೆ. ಬಸ್ಸು ಬಂದು ಒಂದು ವರ್ಷ ಮಳೆಗಾಲದಲ್ಲೂ ಓಡಿದ್ದನ್ನು ನೋಡಿ ಊರಿನವರು ಒಪ್ಪಲಿ.

ಇನ್ನು ಹಣದ ವಿಷಯ. 30 ಮಕ್ಕಳ ಶಾಲೆಗೆ ಸಿಗುವ 10,000 ರೂಪಾಯಿ ತಿಂಗಳಿಗೆ 833 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲಿಡಬೇಕೆಂದು ಮಾರ್ಗಸೂಚಿಯಿದೆ. ಆ ಕನಿಷ್ಠವನ್ನೇ ಹಿಡಿದರೆ ತಿಂಗಳಿಗೆ 83 ರೂಪಾಯಿ. ಫಿನಾಯಿಲ್ ಬಾಟಲಿಗೂ ಸಾಲದ ಆ ದುಡ್ಡಿನಲ್ಲಿ ಶೌಚಾಲಯ ತೊಳೆಯುವವರು ಯಾರು? 2023ರ ಡಿಸೆಂಬರ್‌ನಲ್ಲಿ ರಾಜ್ಯದ ಕೆಲವು ಶಾಲೆಗಳಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿ ಬಂದಾಗ ನಾಡಿಗೆ ನಾಡೇ ಸಿಟ್ಟಾಯಿತು, ಶಿಕ್ಷೆಗಳಾದವು. ಆಗಲೇಬೇಕಿತ್ತು, ಮಗುವಿನ ಕೈಗೆ ಆ ಬ್ರಷ್ ಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಅದೂ ಯಾವ ಜಾತಿಯ ಮಗುವಿನ ಕೈಗೆ ಅದು ಹೋಗುತ್ತದೆಂದು ಗೊತ್ತಿರುವ ನಮ್ಮ ಸಮಾಜದಲ್ಲಿ. ಆದರೆ ಶಿಕ್ಷೆಯ ಆದೇಶಗಳ ಜೊತೆಗೆ ಪ್ರತಿ ಪ್ರಾಥಮಿಕ ಶಾಲೆಗೂ ಸ್ವಚ್ಛತಾ ಸಿಬ್ಬಂದಿಯ ಸಂಬಳ ಹೋಗಲಿಲ್ಲ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದಾಗ ಸಣ್ಣ ಶಾಲೆಗಳು ನಿಜಕ್ಕೂ ಉಸಿರಾಡಿದವು, ಏಕೆಂದರೆ ಅದು ತಲೆ ಎಣಿಸದೆ ಕೊಟ್ಟ ನೆರವು. ಹೀಗೆ ಕಟ್ಟಡಕ್ಕೆಂದು, ಶಾಲೆಗೆಂದು ಕೊಡುವುದು ಸಾಧ್ಯವೆಂದು ಸರ್ಕಾರವೇ ತೋರಿಸಿದೆ.

ಕೊರತೆಯನ್ನು ಊರವರು ತುಂಬಲಿ ಎಂಬ ಮಾತು ಆಗಾಗ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಬಂದು, ಪ್ರತಿಭಟನೆಯಾಗಿ ವಾಪಸಾಯಿತು. ಹಳೆಯ ವಿದ್ಯಾರ್ಥಿಗಳು ಬಣ್ಣ ಹೊಡೆಸುವುದು, ಕಂಪನಿಗಳು ಸ್ಮಾರ್ಟ್ ಟಿ.ವಿ. ಕೊಡುವುದು ಒಳ್ಳೆಯದೇ. ಆದರೆ ದಾನ ಬರುವುದು ದಾನಿಗಳಿರುವ ಊರಿಗೆ. ಹೆದ್ದಾರಿ ಬದಿಯ ಶಾಲೆಯ ಗೋಡೆಗೆ ಬಸ್ಸಿನ ಚಿತ್ರ ಬರೆಸುವವರು ಸಿಗುತ್ತಾರೆ. ಕೂಲಿಯವರ ಕೇರಿಯ ಶಾಲೆಗೆ ಹಳೆಯ ವಿದ್ಯಾರ್ಥಿಗಳೂ ಕೂಲಿಯವರೇ.

ನನಗೆ ತೋಚುವ ದಾರಿ ಇದು. ಶಾಲೆ ಇದೆ ಎಂಬ ಕಾರಣಕ್ಕೇ ಒಂದು ಮೂಲ ಅನುದಾನ ಪ್ರತಿ ಶಾಲೆಗೂ ಸಿಗಬೇಕು, ಕಟ್ಟಡ, ಶೌಚಾಲಯ, ದಾಖಲೆ ಕೆಲಸಕ್ಕೆ ಸಾಕಾಗುವಷ್ಟು. ಮಕ್ಕಳ ಲೆಕ್ಕದ ಹಣ ಅದರ ಮೇಲೆ ಬರಲಿ, ಮೆಟ್ಟಿಲುಗಳಿಲ್ಲದೆ, ಮಗುವಿಗೆ ಇಂತಿಷ್ಟೆಂದು. ಆಗ ಮೂವತ್ತೊಂದನೆಯ ಮಗು ಹೋದರೆ ಒಂದು ಮಗುವಿನ ಪಾಲು ಹೋಗುತ್ತದೆ, 15,000 ಹೋಗುವುದಿಲ್ಲ. ಮಂಜೂರಾದ ಹುದ್ದೆಯನ್ನು ಮೂರು ವರ್ಷದ ಸರಾಸರಿ ನೋಡದೆ ಕಸಿಯಬಾರದು. ಕ್ಲಸ್ಟರಿಗೊಬ್ಬ ದಾಖಲೆ ಸಹಾಯಕರು ಬಂದರೆ ಹತ್ತು ಹನ್ನೆರಡು ಮುಖ್ಯ ಶಿಕ್ಷಕರು ತರಗತಿಗೆ ಮರಳುತ್ತಾರೆ. ನಲಿ–ಕಲಿ ಕಟ್ಟಿದ ನಾಡಿಗೆ ನಾಲ್ಕರಿಂದ ಏಳರವರೆಗಿನ ಬಹುವರ್ಗ ಸಾಮಗ್ರಿ ಕಟ್ಟುವುದು ಅಸಾಧ್ಯವಲ್ಲ, ಅದನ್ನು ಸಣ್ಣ ಶಾಲೆಯ ಶಿಕ್ಷಕರ ಕೈಗೇ ಕೊಡಬೇಕು.

ಶಿಕ್ಷಕರ ಹಂಚಿಕೆಯ ಬಗ್ಗೆ ಕೊಠಾರಿ ಆಯೋಗ 1966ರಲ್ಲೇ ಶಾಲಾ ಸಂಕೀರ್ಣದ ಕಲ್ಪನೆ ಕೊಟ್ಟಿತ್ತು. 2020ರ ನೀತಿಯೂ ಅದನ್ನೇ ಎತ್ತಿಕೊಂಡಿದೆ. ಅದರ ಅರ್ಥ ಮಕ್ಕಳನ್ನು ಒಟ್ಟುಗೂಡಿಸುವುದೇ ಆಗಬೇಕಿಲ್ಲ. ವಿಜ್ಞಾನ, ಹಿಂದಿ, ಚಿತ್ರಕಲೆ, ದೈಹಿಕ ಶಿಕ್ಷಣದವರು ವಾರದಲ್ಲಿ ಮೂರು ಶಾಲೆಗಳಿಗೆ ಹೋಗಿ ಬರಲಿ. ಹನ್ನೊಂದು ವರ್ಷದ ಹುಡುಗಿ ದಿನವೂ ಹಳ್ಳ ದಾಟುವುದಕ್ಕಿಂತ ಬೈಕಿರುವ ಮೇಷ್ಟ್ರು ವಾರಕ್ಕೆರಡು ಸಲ ದಾಟುವುದು ಸುಲಭ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಯ್ದೆಯ 25ನೇ ಪ್ರಕರಣ ಒಂದು ಶಾಲೆಯ ಶಿಕ್ಷಕರನ್ನು ಬೇರೆ ಶಾಲೆಯಲ್ಲಿ ದುಡಿಸಬಾರದು ಎನ್ನುತ್ತದೆ, ಮತ್ತು ಅದು ಸರಿಯಾಗಿಯೇ ಇದೆ. ‘ನಿಯೋಜನೆ’ಯ ಹೆಸರಲ್ಲಿ ಸಣ್ಣ ಶಾಲೆಯವರನ್ನು ಪಟ್ಟಣದ ಶಾಲೆಗೆ ಎಳೆದುಕೊಂಡದ್ದನ್ನು ಎಲ್ಲರೂ ಬಲ್ಲರು. ಆದ್ದರಿಂದ ಇವು ಆರಂಭದಿಂದಲೇ ಕ್ಲಸ್ಟರಿಗೆ ಮಂಜೂರಾದ ಪ್ರತ್ಯೇಕ ಹುದ್ದೆಗಳಾಗಬೇಕು, ಓಡಾಟದ ಭತ್ಯೆಯೊಂದಿಗೆ.

ಇದಕ್ಕೆ ಖರ್ಚಾಗುತ್ತದೆ. ಹನ್ನೆರಡು ಮಕ್ಕಳಿಗೆ ಇಬ್ಬರು ಪೂರ್ಣಾವಧಿ ಶಿಕ್ಷಕರ ಸಂಬಳ ಕೊಡುವುದು ದುಬಾರಿಯೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದೂರದ ಹಟ್ಟಿಗೆ ವಿದ್ಯುತ್ ಕಂಬ ನೆಟ್ಟಾಗ, ನಾಲ್ಕು ಮನೆಗೆ ನಲ್ಲಿ ಎಳೆದಾಗ ತಲಾ ವೆಚ್ಚ ಎಷ್ಟೆಂದು ಕೇಳಿ ನಾವು ನಿಲ್ಲಿಸಲಿಲ್ಲ. ಶಿಕ್ಷಣ 2010ರ ಏಪ್ರಿಲ್ 1ರಿಂದ ಮಗುವಿನ ಹಕ್ಕು. ಹಕ್ಕಿನ ವೆಚ್ಚ ಆ ಮಗು ಎಲ್ಲಿ ಹುಟ್ಟಿತೆಂಬುದರ ಮೇಲೆ ಏರುತ್ತದೆ, ಇಳಿಯುತ್ತದೆ, ಹಕ್ಕು ಏರಿಳಿಯುವಂತಿಲ್ಲ. ಉಳಿತಾಯದ ಲೆಕ್ಕ ಹಾಕುವವರು ಇನ್ನೊಂದು ಬದಿಯನ್ನೂ ಬರೆಯಬೇಕು: ಬಸ್ಸಿನ ಖರ್ಚು, ವ್ಯಾನಿಗೆ ಬಡವರು ಕಟ್ಟುವ ದುಡ್ಡು, ಅರ್ಧಕ್ಕೆ ಓದು ಬಿಟ್ಟ ಹುಡುಗಿಯ ಮುಂದಿನ ನಲವತ್ತು ವರ್ಷ.

ಇಷ್ಟೆಲ್ಲ ಆದ ಮೇಲೂ ಕೆಲವು ಶಾಲೆಗಳು ಮುಚ್ಚುತ್ತವೆ. ಮಕ್ಕಳೇ ಇಲ್ಲದ ಊರಿನಲ್ಲಿ ಶಾಲೆ ಇಟ್ಟುಕೊಳ್ಳಲಾಗದು. ಆ ತೀರ್ಮಾನ ಮಾತ್ರ ಜಿಲ್ಲಾ ಕಚೇರಿಯ ಕಡತದಲ್ಲಿ ಆಗಬಾರದು. ಎಸ್‌ಡಿಎಂಸಿ ಮತ್ತು ಗ್ರಾಮಸಭೆಯ ಮುಂದೆ, ಕಳೆದ ಐದು ವರ್ಷಗಳಲ್ಲಿ ಆ ಶಾಲೆಗೆ ಎಷ್ಟು ಹುದ್ದೆ ಮಂಜೂರಾಗಿತ್ತು, ಎಷ್ಟು ದಿನ ಎಷ್ಟು ಶಿಕ್ಷಕರು ನಿಜವಾಗಿ ಇದ್ದರು ಎಂಬ ವಿವರವನ್ನು ಓದಿ ಹೇಳಿದ ಮೇಲೆ ಆಗಬೇಕು. ಪಕ್ಕದ ಊರಿನ ಶಾಲೆಗೆ ಹೆಸರು ಬರೆಸಿದ ಮಾತ್ರಕ್ಕೆ ಮಗು ಅಲ್ಲಿ ಕುಳಿತಿದೆ ಎಂದಾಗುವುದಿಲ್ಲ. ರಾಜ್ಯದಲ್ಲಿ ಶಾಲೆಗೆ ಸೇರಿದ ಮಗುವಿಗೆ ಸ್ಯಾಟ್ಸ್ ಸಂಖ್ಯೆಯಿದೆ, ಮಗು ಯಾವ ಶಾಲೆಯಲ್ಲಿದೆ, ಹಾಜರಾತಿ ಇದೆಯೇ ಎಂದು ಇಲಾಖೆ ಒಂದು ಗುಂಡಿ ಒತ್ತಿ ನೋಡಬಲ್ಲದು. ಮುಚ್ಚಿದ ಪ್ರತಿ ಶಾಲೆಯಿಂದ ಎಷ್ಟು ಹುಡುಗಿಯರು, ಎಷ್ಟು ಹುಡುಗರು ಎರಡು ವರ್ಷದ ನಂತರವೂ ಶಾಲೆಯಲ್ಲಿದ್ದಾರೆ, ಎಷ್ಟು ಮಂದಿ ಎಲ್ಲೂ ಇಲ್ಲ ಎಂಬ ಲೆಕ್ಕವನ್ನು ಇಲಾಖೆ ಆ ಊರಿನ ಗ್ರಾಮ ಪಂಚಾಯತಿಯ ಫಲಕದಲ್ಲಿ ಹಚ್ಚಲಿ.